ಶಿರಿಯದ ದೋಣಿಗೊಂದು ಡ್ರ್ಯಾಗನ್

ಅವರು ಬಂದಾಗ ನಾನು ಸ್ಟೂಲಿನ ಮೇಲೆ ನಿಂತು ಜಿರಾಫೆಯ ಕುತ್ತಿಗೆಗೆ ಚುಕ್ಕೆ ಇಡುತ್ತಿದ್ದೆ. ಅಂಗನವಾಡಿಯ ಗೋಡೆ. ಒಂದು ಬದಿಯಲ್ಲಿ ಕನ್ನಡ ಅಕ್ಷರ, ಇನ್ನೊಂದು ಬದಿಯಲ್ಲಿ ಮಲಯಾಳ ಅಕ್ಷರ, ನಡುವೆ ಎರಡು ಭಾಷೆಗೂ ಸೇರದ ಜಿರಾಫೆ. ಬಂದವರು ಮೂರು ಮಂದಿ ಮತ್ತು ಒಂದು ಫೋನು. ಫೋನಿನೊಳಗೆ ನಾಲ್ಕನೆಯವನು ದುಬೈಯಿಂದ ಮಾತಾಡುತ್ತಿದ್ದ. ಮೂವರೂ ಸುಮ್ಮನೆ ನಿಂತಿದ್ದರು, ಮಾತೆಲ್ಲ ಫೋನಿನದೇ.

“ಅಕ್ಕ, ನಮಗೆ ಒಂದು ಫ್ಯಾನ್ ಆರ್ಟ್ ಮಾಡಿ ಕೊಡ್ಬೇಕು.”

ಫ್ಯಾನಿಗೆ ನಾನು ಪೈಂಟ್ ಮಾಡುವುದಿಲ್ಲ, ಅದು ಕರೆಂಟಿನ ವಸ್ತು, ಬೇಕಾದರೆ ಬಿಚ್ಚಿ ತನ್ನಿ ಅಂದೆ. ಮೂವರೂ ಮುಖ ಮುಖ ನೋಡಿಕೊಂಡರು. ಆಮೇಲೆ ಅವರಲ್ಲಿ ದಪ್ಪಗಿದ್ದವನು ಮೆಲ್ಲಗೆ ವಿವರಿಸಿದ. ತಮಗೆ ಇಷ್ಟವಾದ ಒಂದು ಆಟದ ಪಾತ್ರಗಳನ್ನು, ಆ ಆಟದ ಮೇಲಿನ ಅಭಿಮಾನದಿಂದ ಬರೆಸಿಕೊಳ್ಳುವ ಚಿತ್ರಕ್ಕೆ ಹಾಗೆ ಹೆಸರಂತೆ. ಎಲ್ಲಿ ಬರೆಯಬೇಕು ಎಂದು ಕೇಳಿದೆ. ದೋಣಿಯ ಮೇಲೆ ಅಂದರು.

ಅದು ಮೊಬೈಲಿನಲ್ಲಿ ನಾಲ್ಕೈದು ಮಂದಿ ಒಟ್ಟು ಸೇರಿ ಆಡುವ ಆಟ. ಒಬ್ಬರ ಮೇಲೊಬ್ಬರು ಬೀಳುವುದಿಲ್ಲ. ಎಲ್ಲರೂ ಒಂದೇ ಕಡೆಯವರು. ಎದುರಿಗೆ ಗುಹೆ, ಗುಹೆಯಲ್ಲಿ ರಾಕ್ಷಸರು, ಕೊನೆಗೆ ಒಂದು ಡ್ರ್ಯಾಗನ್. ಒಬ್ಬ ಗುರಾಣಿ ಹಿಡಿದು ಮುಂದೆ ನಿಲ್ಲಬೇಕು, ಒಬ್ಬ ಹಿಂದಿನಿಂದ ಬಾಣ ಬಿಡಬೇಕು, ಒಬ್ಬ ಗಾಯಕ್ಕೆ ಮದ್ದು ಹಾಕಬೇಕು, ಒಬ್ಬ ಮಂತ್ರ ಹಾಕಬೇಕು. ಈ ನಾಲ್ವರು ಕಡಲಿಗೆ ಹೋಗಲಾಗದ ಮಳೆಗಾಲ ಪೂರ್ತಿ ಆ ಡ್ರ್ಯಾಗನಿನ ಕೈಯಲ್ಲಿ ಸತ್ತು ಸತ್ತು, ಕೊನೆಗೊಂದು ದಿನ ಗೆದ್ದರಂತೆ. ಆ ಖುಷಿಯಲ್ಲಿಯೇ ಪಾಲು ಹಾಕಿ ಒಂದು ಹಳೆಯ ಫೈಬರ್ ದೋಣಿ ಕೊಂಡಿದ್ದರು. ದುಬೈಯವನದೂ ಒಂದು ಪಾಲು. ಹೊಸದಾಗಿ ನೀರಿಗೆ ಇಳಿಸುವ ಮೊದಲು ಅದರ ಮುಂಭಾಗದ ಎರಡು ಮೈಯಲ್ಲೂ ಡ್ರ್ಯಾಗನ್ ಇರಬೇಕು, ಅದರ ಎದುರು ತಾವು ನಾಲ್ವರೂ ಇರಬೇಕು.

ನನಗೆ ಅವರ ಹೆಸರಿಗಿಂತ ಮೊದಲು ಆಟದ ಕೆಲಸವೇ ಬಾಯಿಗೆ ಬಂತು, ಇವತ್ತಿಗೂ ಹಾಗೆಯೇ. ದಪ್ಪಗಿದ್ದವನು ಗುರಾಣಿಯವನು, ದೋಣಿಯಲ್ಲಿಯೂ ಅವನೇ ಮುಖ್ಯಸ್ಥ. ಸಪೂರದವನು ಬಿಲ್ಲಿನವನು, ಬಲೆ ಬಿಡುವವನೂ ಅವನೇ. ಮಾತು ಕಡಿಮೆಯ ಮೂರನೆಯವನು ಮದ್ದಿನವನು. ಎಂಜಿನು ನೋಡಿಕೊಳ್ಳುವುದು ಅವನ ಕೆಲಸ. ಫೋನಿನಲ್ಲಿ ಇದ್ದವನು ಮಂತ್ರದವನು.

ನಾನು ಹೆದರಿಕೆ ಹುಟ್ಟಿಸುವ ಪ್ರಾಣಿಯನ್ನು ಯಾವತ್ತೂ ಬರೆದವಳಲ್ಲ ಎಂದು ಮೊದಲೇ ಹೇಳಿದ್ದೆ. ಅವರು ಕೇಳಿಸಿಕೊಳ್ಳಲಿಲ್ಲ. ಗುರಾಣಿಯವನು ಇದೇ ಅಂಗನವಾಡಿಯಲ್ಲಿ ನಾನು ಬರೆದ ಆನೆಯನ್ನು ನೋಡಿ ಬೆಳೆದವನಂತೆ. ಆ ಆನೆ ಅಷ್ಟು ಚಂದ ಇದ್ದ ಮೇಲೆ ಡ್ರ್ಯಾಗನ್ ಯಾಕೆ ಬರುವುದಿಲ್ಲ ಎಂಬುದು ಅವನ ವಾದ. ನನಗೂ ಜಿರಾಫೆ ಸಾಕಾಗಿತ್ತು. ಅಂಗಡಿಯ ಬೋರ್ಡು ಬರೆಯುವ ಕೆಲಸವೆಲ್ಲ ಫ್ಲೆಕ್ಸಿಗೆ ಹೋದ ಮೇಲೆ ನನ್ನ ಕುಂಚಕ್ಕೆ ಉಳಿದದ್ದು ಮೊಲ, ಆನೆ, ಬಾಳೆಹಣ್ಣು ಮಾತ್ರ. ಒಪ್ಪಿಕೊಂಡೆ.

ಶಿರಿಯದಲ್ಲಿ ಹೊಳೆ ಕಡಲಿಗೆ ಸೇರುವ ಅಳಿವೆಯ ಹತ್ತಿರ, ಮರಳಿನ ಮೇಲೆ ಟಾರ್ಪಾಲು ಕಟ್ಟಿ ದೋಣಿಯನ್ನು ನಿಲ್ಲಿಸಿದ್ದರು. ಗೋಡೆಯ ಕೆಲಸಕ್ಕೂ ದೋಣಿಯ ಕೆಲಸಕ್ಕೂ ಇರುವ ವ್ಯತ್ಯಾಸ ಮೊದಲ ದಿನವೇ ತಿಳಿಯಿತು. ಗೋಡೆ ನಿಂತಲ್ಲಿ ನಿಲ್ಲುತ್ತದೆ, ಚಪ್ಪಟೆಯಾಗಿರುತ್ತದೆ, ಉಪ್ಪು ಕುಡಿದಿರುವುದಿಲ್ಲ. ಫೈಬರಿನ ಮೈಯಲ್ಲಿ ಉಪ್ಪು ಉಳಿದರೆ ಮೇಲೆ ಹಾಕಿದ ಬಣ್ಣ ಗುಳ್ಳೆ ಏಳುತ್ತದೆ. ಹಾಗಾಗಿ ಮೊದಲು ಬಾವಿಯ ಸಿಹಿನೀರಿನಲ್ಲಿ ತೊಳೆಯಬೇಕು, ಒಣಗಿಸಬೇಕು, ಹಳೆಯ ಬಣ್ಣವನ್ನು ಸ್ಯಾಂಡ್ ಪೇಪರಿನಲ್ಲಿ ಉಜ್ಜಿ ಒರಟು ಮಾಡಬೇಕು, ಬಿರುಕಿಗೆ ಪುಟ್ಟಿ ತುಂಬಬೇಕು, ಪುನಃ ಉಜ್ಜಬೇಕು. ಮೂವರೂ ನನ್ನೊಟ್ಟಿಗೆ ಉಜ್ಜಿದರು. ದುಬೈಯವನು ಫೋನಿನಲ್ಲಿ ಹುರಿದುಂಬಿಸಿದ.

ಪ್ರೈಮರ್ ಹಾಕಿದ್ದು ಒಂದು ಮಧ್ಯಾಹ್ನ. ಎರಡೂ ಮೈಗೆ ಬಿಳಿ ಬಳಿದು ಊಟಕ್ಕೆ ಹೋಗಿ ಬಂದರೆ ದೋಣಿ ಬಿಳಿಯಾಗಿರಲಿಲ್ಲ. ಕಡಲ ಗಾಳಿ ಬೀಚಿನ ಮರಳನ್ನೆಲ್ಲ ಎತ್ತಿ ಹಸಿ ಪ್ರೈಮರಿನ ಮೇಲೆ ಹರಡಿತ್ತು. ಕೈಯಾಡಿಸಿ ನೋಡಿದೆ. ದೋಣಿಯೇ ಒಂದು ದೊಡ್ಡ ಸ್ಯಾಂಡ್ ಪೇಪರ್ ಆಗಿತ್ತು, ತೆಂಗಿನಕಾಯಿ ತುರಿಯಬಹುದಿತ್ತು. ಎಲ್ಲವನ್ನೂ ಕೆರೆದು ತೆಗೆದೆವು. ಬೆಳಿಗ್ಗೆ ಗಾಳಿ ಊರಿನ ಕಡೆಯಿಂದ ಕಡಲಿಗೆ ಬೀಸುತ್ತದೆ, ಬಿಸಿಲೇರಿದ ಮೇಲೆ ತಿರುಗುತ್ತದೆ ಎನ್ನುವುದು ನನಗೆ ಗೊತ್ತಿರದ ವಿಷಯವೇನಲ್ಲ. ಅದಕ್ಕೂ ಬಣ್ಣಕ್ಕೂ ಸಂಬಂಧ ಉಂಟೆಂದು ಹೊಳೆದದ್ದು ಆವತ್ತು. ಅಲ್ಲಿಂದ ಮುಂದೆ ಕೆಲಸ ಬೆಳಿಗ್ಗೆ ಮಾತ್ರ.

ಎರಡನೆಯ ಪ್ರೈಮರ್ ಸರಿಯಾಗಿ ಕೂತಿತು. ಕಾಗದದಲ್ಲಿ ಡ್ರ್ಯಾಗನ್ ಬರೆದು ಚೌಕುಳಿ ಹಾಕಿ, ದೋಣಿಯ ಮೈಯಲ್ಲಿಯೂ ಸೀಮೆಸುಣ್ಣದಲ್ಲಿ ದೊಡ್ಡ ಚೌಕುಳಿ ಎಳೆದು, ಒಂದೊಂದೇ ಚೌಕಕ್ಕೆ ಗೆರೆ ಇಳಿಸಿದೆ. ಆದರೆ ದೋಣಿಯ ಮುಂಭಾಗ ಬಾಗಿಕೊಂಡು ಒಳಗೆ ಹೋಗುತ್ತದೆ. ಹತ್ತಿರ ನಿಂತು ಬರೆಯುವಾಗ ಸರಿಯಾಗಿದ್ದ ಡ್ರ್ಯಾಗನ್ ದೂರದಿಂದ ನೋಡಿದರೆ ಗರ್ಭಿಣಿಯ ಹಾಗೆ ಕಂಡಿತು. ಹೊಟ್ಟೆಯನ್ನು ಬದಿಗೆ ತಳ್ಳಿ ಕುತ್ತಿಗೆಯನ್ನು ಎಳೆದು ಉದ್ದ ಮಾಡಿದೆ. ಪ್ರತಿ ಗೆರೆಗೂ ಹತ್ತು ಮಾರು ಹಿಂದೆ ಓಡಿ ನೋಡುವುದು, ಓಡಿ ಬಂದು ತಿದ್ದುವುದು. ನನ್ನ ಓಟವನ್ನು ನೋಡಲು ಬೀಚಿನಲ್ಲಿ ಸಣ್ಣ ಗುಂಪೇ ಸೇರುತ್ತಿತ್ತು.

ಬಣ್ಣ ತುಂಬಿದ ಮೇಲೆ ಮೂವರನ್ನೂ ಕರೆದು ತೋರಿಸಿದೆ. ಹಸಿರು ಮೈ, ಕೆಂಪು ರೆಕ್ಕೆ, ಹೊಗೆ ಬಿಡುವ ಮೂಗು. ಮೂವರೂ ತುಂಬ ಹೊತ್ತು ನೋಡಿದರು.

“ಅಕ್ಕ, ಇದು ಎಂತ ನಗಾಡ್ತಾ ಉಂಟು?” ಎಂದು ಬಿಲ್ಲಿನವನು ಕೇಳಿದ.

ನಿಜಕ್ಕೂ ನಗುತ್ತಿತ್ತು. ನನಗೆ ಅಷ್ಟು ಹೊತ್ತು ಗೊತ್ತೇ ಆಗಿರಲಿಲ್ಲ. ಅಂಗನವಾಡಿಯ ಮಕ್ಕಳು ಹೆದರಬಾರದೆಂದು ಹುಲಿ, ಮೊಸಳೆ, ಹಾವು ಎಲ್ಲವೂ ನಗಬೇಕು ಎಂದು ಟೀಚರುಗಳು ವರ್ಷಗಟ್ಟಲೆ ಹೇಳಿ ಹೇಳಿ ನನ್ನ ಕೈ ಹಾಗೆಯೇ ಕಲಿತುಬಿಟ್ಟಿತ್ತು. ತುಟಿಯ ತುದಿಯನ್ನು ಕೆಳಗೆ ಎಳೆದು ನೋಡಿದೆ. ಹಲ್ಲುನೋವು ಬಂದವರಂತೆ ಆಯಿತು. ಎರಡು ಕೋರೆಹಲ್ಲು ಇಟ್ಟೆ. ಬೇರೆ ಹಲ್ಲೆಲ್ಲ ಉದುರಿದ ಅಜ್ಜಿಯಂತೆ ಕಂಡಿತು. ಹುಬ್ಬನ್ನು ಗಂಟಿಕ್ಕಿದೆ, ಪರೀಕ್ಷೆಯಲ್ಲಿ ನಕಲು ಹಿಡಿದ ಮೇಷ್ಟ್ರ ಮುಖ ಬಂತು. ಪ್ರತಿ ಸಲವೂ ಹಿಂದೆ ಓಡಿ ನೋಡಿದರೆ, ಹುಬ್ಬು ಹಲ್ಲುಗಳ ಕೆಳಗಿನಿಂದ ಅದೇ ನಗು ಇಣುಕುತ್ತಿತ್ತು. ಎಲ್ಲ ತಿದ್ದುಪಡಿಗಳನ್ನೂ ತಿನ್ನರಿನಲ್ಲಿ ಒರೆಸಿ ಮೊದಲಿನಂತೆಯೇ ಬಿಟ್ಟೆ.

ಅದನ್ನು ಮೆಚ್ಚಿದವರು ಒಬ್ಬರೇ. ಗುರಾಣಿಯವನ ಸೋದರಮಾವ. ಈ ಹುಡುಗರಿಗೆ ದೋಣಿ ಆರಿಸಿ ಕೊಟ್ಟವರು, ತಮ್ಮ ಪ್ರಾಯದಲ್ಲಿ ಇದೇ ಅಳಿವೆಯಿಂದ ಕಡಲಿಗೆ ಹೋಗುತ್ತಿದ್ದವರು. ಮೊದಲ ದಿನದಿಂದಲೂ ಬಾಯಿ ಕಳೆದ ಪ್ರಾಣಿ ದೋಣಿಯ ಮುಂದೆ ಬೇಡ, ಮೀನು ಓಡುತ್ತದೆ ಎಂದು ಗೊಣಗುತ್ತಿದ್ದರು. ಈಗ ಬಂದು ಸುತ್ತು ಹಾಕಿ ನೋಡಿ, ಒಳ್ಳೆಯ ಮನೆತನದ ಪ್ರಾಣಿಯ ಹಾಗೆ ಉಂಟು, ಇರಲಿ ಅಂದರು. ಆ ಮಾತು ಹುಡುಗರಿಗೆ ಇನ್ನಷ್ಟು ನೋವು ಕೊಟ್ಟಿತು.

ನಿಜವಾದ ಕಷ್ಟ ಶುರುವಾದದ್ದು ಮನುಷ್ಯರನ್ನು ಬರೆಯಲು ಹೊರಟಾಗ. ನಾಲ್ವರೂ ತಮ್ಮ ತಮ್ಮ ಪಾತ್ರದ ಚಿತ್ರ ಕಳಿಸಿದ್ದರು. ಒಬ್ಬನೂ ಇನ್ನೊಬ್ಬನದು ಕಳಿಸಿರಲಿಲ್ಲ. ಸೀಮೆಸುಣ್ಣದಲ್ಲಿ ಮೊದಲ ಕರಡು ಎಳೆದೆ. ಗುರಾಣಿ ದೊಡ್ಡದಾಗಿ ಬಂದು ಹಿಂದಿದ್ದ ಮದ್ದಿನವನ ಮುಖ ಮುಚ್ಚಿಹೋಯಿತು. ಗುರಾಣಿಯನ್ನು ಚಿಕ್ಕದು ಮಾಡಿದೆ; ಇದು ತಟ್ಟೆಯಾ ಎಂದು ಗುರಾಣಿಯವನು ಕೇಳಿದ. ಬಾಣದ ತುದಿ ಗುರಾಣಿಗಿಂತ ಒಂದು ಗೇಣು ಮುಂದೆ ಹೋಗಿದೆ, ನೋಡುವವರಿಗೆ ಬಿಲ್ಲಿನವನೇ ಮುಂದಾಳು ಎಂದು ಕಾಣುತ್ತದೆ ಎಂದ. ಬಾಣವನ್ನು ಹಿಂದೆ ಎಳೆದರೆ ಬಿಲ್ಲಿನವನಿಗೆ ಆಗದು. ದುಬೈಯವನಿಗೆ ದೂರದಿಂದ ಎಲ್ಲದರ ಮೇಲೂ ಸಂಶಯ. ಫೋನನ್ನು ಹತ್ತಿರ ಹಿಡಿಯಿರಿ, ಎಡಕ್ಕೆ ತಿರುಗಿಸಿ, ತನ್ನ ಮಂತ್ರದ ದೊಣ್ಣೆಯ ತುದಿಯಲ್ಲಿ ಬೆಳಕು ಉಂಟಾ ಇಲ್ಲವಾ, ತನ್ನನ್ನು ಯಾಕೆ ಬಾಲದ ಹತ್ತಿರ ನಿಲ್ಲಿಸಿದ್ದು ಎಂದು ಪ್ರಶ್ನೆ.

ಆಮೇಲೆ ಬದಿಯ ಜಗಳ ಬಂತು. ಜಾಗ ಸಾಲದೆ ಒಂದು ಮೈಯಲ್ಲಿ ಇಬ್ಬರು, ಇನ್ನೊಂದು ಮೈಯಲ್ಲಿ ಇಬ್ಬರು ಇರಲಿ ಎಂದು ನಾನೇ ಸಲಹೆ ಕೊಟ್ಟಿದ್ದೆ. ಹಾಗಾದರೆ ಊರಿಗೆ ಕಾಣುವ ಬದಿಯಲ್ಲಿ ಯಾರು? ನಮ್ಮಲ್ಲಿ ಕಡಲು ಪಡುವಣಕ್ಕೆ. ದೋಣಿ ಬಡಗು ದಿಕ್ಕಿಗೆ ಹೋದರೆ ಬಲಮೈ ಊರಿಗೆ ಕಾಣುತ್ತದೆ, ತೆಂಕಿಗೆ ಹೋದರೆ ಎಡಮೈ. ಹೋಗುವಾಗ ಇಬ್ಬರು, ಬರುವಾಗ ಇಬ್ಬರು, ಸರಿಯಾಯಿತಲ್ಲ ಎಂದು ನಾನು ಅಂದುಕೊಂಡೆ. ಅಷ್ಟು ದಿನ ಬಾಯಿ ತೆರೆಯದಿದ್ದ ಮದ್ದಿನವನು, ಮೀನು ಹೆಚ್ಚು ಸಿಗುವುದು ಯಾವ ದಿಕ್ಕಿನಲ್ಲಿ ಎಂದು ಕೇಳಿದ. ಅಲ್ಲಿಗೆ ಆ ಒಪ್ಪಂದವೂ ಮುರಿಯಿತು.

ಮಾತು ಚಿತ್ರವನ್ನು ಬಿಟ್ಟು ಆಟಕ್ಕೆ ಹೋಯಿತು. ತನ್ನ ಬಾಣ ಇಲ್ಲದಿದ್ದರೆ ಡ್ರ್ಯಾಗನ್ ಸಾಯುತ್ತಿತ್ತಾ ಎಂದು ಒಬ್ಬ. ತಾನು ಮುಂದೆ ನಿಂತು ಪೆಟ್ಟು ತಿನ್ನದಿದ್ದರೆ ಬಾಣ ಬಿಡಲು ನೀನು ಎಲ್ಲಿರುತ್ತಿದ್ದಿ ಎಂದು ಇನ್ನೊಬ್ಬ. ನಿಮ್ಮಿಬ್ಬರನ್ನೂ ಎಬ್ಬಿಸಿ ಕೂರಿಸಿದ್ದು ಯಾರು ಎಂದು ಮೂರನೆಯವನು. ದುಬೈಯಿಂದಲೂ ಏನೋ ಬಂತು, ಅಷ್ಟರಲ್ಲಿ ಗುರಾಣಿಯವನು ಫೋನು ಕಟ್ ಮಾಡಿದ್ದ. ಮರುದಿನದಿಂದ ಅವರು ಒಟ್ಟಿಗೆ ಬರಲಿಲ್ಲ.

ಬೇರೆ ಬೇರೆ ಬಂದರು. ಬಿಲ್ಲಿನವನು ಬೆಳಿಗ್ಗೆ ಬೇಗ ಬಂದು ಒಂದು ಪ್ಲಾಸ್ಟಿಕ್ ತೊಟ್ಟೆ ತುಂಬ ಬಂಗುಡೆ ಇಟ್ಟು, ಬಾಣ ಸ್ವಲ್ಪ ಉದ್ದ ಆಗಲಿ ಎಂದು ಪಿಸುಗುಟ್ಟಿ ಹೋಗುವನು. ಅವನು ಮರೆಯಾದ ಮೇಲೆ ಗುರಾಣಿಯವನು ಸಿಗಡಿ ತರುವನು. ಮದ್ದಿನವನು ಏನೂ ಹೇಳದೆ ಬೂತಾಯಿ ಇಟ್ಟು ತನ್ನ ಗೆರೆಯ ಎದುರು ನಿಂತು ನಿಟ್ಟುಸಿರು ಬಿಡುವನು. ಅವರು ಬೇರೆಯವರ ದೋಣಿಯಲ್ಲಿ ದುಡಿದು ತಂದ ಮೀನು ಅದು. ಬೇಡವೆಂದರೆ ಬಣ್ಣದ ಡಬ್ಬಿಯ ಪಕ್ಕದಲ್ಲಿ ಬಿಟ್ಟು ಹೋಗುತ್ತಿದ್ದರು. ನನ್ನ ಗಂಡ ಆಟೋ ಓಡಿಸುವವರು, ಮಧ್ಯಾಹ್ನ ನನ್ನನ್ನೂ ಡಬ್ಬಿಗಳನ್ನೂ ಕರೆದುಕೊಂಡು ಹೋಗಲು ಬರುವವರು. ಈ ಚಿತ್ರವನ್ನು ಮುಗಿಸಬೇಡ, ಇನ್ನೊಂದು ತಿಂಗಳು ಎಳೆ ಎಂದು ಬುದ್ಧಿ ಹೇಳಿದರು.

ನಾನೂ ಮೊದಲು ನಗುತ್ತಲೇ ಇದ್ದೆ. ನಗು ನಿಂತದ್ದು ಸೋದರಮಾವ ಒಂದು ಬೆಳಿಗ್ಗೆ ಬಂದು ದೋಣಿಯ ನೆರಳಿನಲ್ಲಿ ಕೂತಾಗ. ನೀರಿಗೆ ಇಳಿಸಲು ದಿನ ಗೊತ್ತುಮಾಡಿ ಆಗಿದೆ, ನೆಂಟರಿಗೆ ಹೇಳಿ ಆಗಿದೆ ಎಂದರು. ಆಮೇಲೆ ಸ್ವಲ್ಪ ಹೊತ್ತು ಮರಳಿನಲ್ಲಿ ಬೆರಳಾಡಿಸಿದರು.

“ಬಲೆ ನೀರಲ್ಲಿ ಇರುವಾಗ ಒಬ್ಬ ಹಿಡಿ ಅನ್ಬೇಕು, ಒಬ್ಬ ಬಿಡು ಅನ್ಬೇಕು. ಇವರು ಮಾತೇ ಆಡುದಿಲ್ಲ. ಮಾತಾಡದವರನ್ನು ಒಂದು ದೋಣಿಯಲ್ಲಿ ಕಳಿಸ್ಲಿಕ್ಕೆ ನನಗೆ ಧೈರ್ಯ ಇಲ್ಲ. ಇಳಿಸುದು ಬೇಡ ಹೇಳಿ ಹೇಳ್ಬೇಕಾ ಅಂತ ಯೋಚನೆ ಮಾಡ್ತಿದ್ದೇನೆ.”

ಅವರು ನನ್ನನ್ನು ದೂರಲಿಲ್ಲ. ದೂರಿದ್ದರೆ ಹಗುರವಾಗುತ್ತಿತ್ತು. ಚಿತ್ರದ ದೆಸೆಯಿಂದ ಒಂದು ದೋಣಿ ಮರಳಿನಲ್ಲೇ ಉಳಿಯುತ್ತದೆ ಎನ್ನುವುದು ನನ್ನ ಲೆಕ್ಕದಲ್ಲಿಯೇ ಇರಲಿಲ್ಲ. ಆವತ್ತು ಕುಂಚ ಹಿಡಿಯಲಾಗಲಿಲ್ಲ. ಕರಡುಗಳನ್ನು ನೋಡುತ್ತಾ ಕೂತೆ. ನಾಲ್ವರೂ ನಾಲ್ಕು ದಿಕ್ಕಿಗೆ ಮುಖ ಮಾಡಿ, ಮದುವೆ ಮನೆಯಲ್ಲಿ ಫೋಟೋಕ್ಕೆ ನಿಂತವರ ಹಾಗೆ ನಿಂತಿದ್ದರು. ಒಬ್ಬನಿಗೂ ಪಕ್ಕದವನು ಇದ್ದಾನೆ ಎನ್ನುವ ಗೊಡವೆ ಇರಲಿಲ್ಲ. ಇವರು ಒಟ್ಟಿಗೆ ಏನು ಮಾಡುತ್ತಾರೆ ಎಂದು ನನಗೇ ಗೊತ್ತಿಲ್ಲ, ನೋಡದ ವಸ್ತುವನ್ನು ಬರೆಯುತ್ತಿದ್ದೇನೆ ಎಂದು ಆಗ ಅನಿಸಿತು. ಜಿರಾಫೆಯನ್ನಾದರೂ ಪುಸ್ತಕದಲ್ಲಿ ನೋಡಿದ್ದೆ.

ಒಬ್ಬೊಬ್ಬರಿಗೂ ಬೇರೆ ಬೇರೆ ಫೋನು ಮಾಡಿ, ಭಾನುವಾರ ಮಧ್ಯಾಹ್ನ ದೋಣಿಯ ಹತ್ತಿರ ಬರಬೇಕು, ನನಗೆ ಆಟ ಕಲಿಸಬೇಕು, ನಾನು ಆಡಿದ ಮೇಲೆಯೇ ಬರೆಯುವುದು, ಇಲ್ಲದಿದ್ದರೆ ನಾಲ್ವರನ್ನೂ ಅಳಿಸಿ ಡ್ರ್ಯಾಗನನ್ನು ಮಾತ್ರ ಬಿಡುತ್ತೇನೆ ಎಂದೆ. ಆ ಕೊನೆಯ ಮಾತು ಕೆಲಸ ಮಾಡಿತು.

ಮೂವರೂ ಬಂದರು. ಟಾರ್ಪಾಲಿನ ಅಡಿಯಲ್ಲಿ ಮೊಣಕಾಲಿಗೆ ಮೊಣಕಾಲು ತಾಗುವಂತೆ ಕೂತರು, ಆದರೆ ಯಾರೂ ಯಾರನ್ನೂ ನೋಡಲಿಲ್ಲ. ದುಬೈಯವನೂ ಒಳಗೆ ಬಂದ. ನನಗೆ ಆಟದಲ್ಲಿ ಐದನೆಯವಳ ಜಾಗ. ಕತ್ತಿ ಕೊಟ್ಟರೆ ಅಪಾಯವೆಂದು ದೀವಟಿಗೆ ಕೊಟ್ಟರು. ಎಡ ಹೆಬ್ಬೆರಳಲ್ಲಿ ನಡೆಯಬೇಕು, ಬಲ ಹೆಬ್ಬೆರಳಲ್ಲಿ ತಿರುಗಬೇಕು. ನಾನು ಮೊದಲು ಗೋಡೆಗೆ ಮುಖ ಕೊಟ್ಟು ನಡೆದೆ. ಬಹಳ ಹೊತ್ತು ನಡೆದೆ. ಅದು ಗೋಡೆ ಎಂದು ಹೇಳಿದ ಮೇಲೆ ತಿರುಗಿ ಒಂದು ಹೊಂಡಕ್ಕೆ ಬಿದ್ದೆ.

ಬಿದ್ದರೆ ಪರದೆ ಬೂದು ಬಣ್ಣವಾಗುತ್ತದೆ, ಜೀವದ ಪಟ್ಟಿ ಕರಗುತ್ತಾ ಹೋಗುತ್ತದೆ. ಅದು ಮುಗಿಯುವ ಮೊದಲು ಇನ್ನೊಬ್ಬರು ಹತ್ತಿರ ಬಂದು, ಬೆರಳು ಒತ್ತಿ ಹಿಡಿದು ಎತ್ತಬೇಕು. ಎತ್ತುವಾಗ ಅವರು ಬೇರೇನೂ ಮಾಡಲಾಗದು, ಹಿಂದಿನಿಂದ ಯಾರು ಹೊಡೆದರೂ ತಿನ್ನಬೇಕು. ಹಾಗಾಗಿ ಒಬ್ಬ ಎತ್ತುವಾಗ ಇನ್ನೊಬ್ಬ ಕಾಯಬೇಕು.

ಮೊದಲು ಅವರು ನನ್ನ ಮೂಲಕವೇ ಮಾತಾಡಿದರು. ಅಕ್ಕ, ಮದ್ದಿನವನ ಹತ್ತಿರ ಹೇಳಿ, ನಿಮ್ಮನ್ನು ಎತ್ತಲಿಕ್ಕೆ. ಅಕ್ಕ, ಬಿಲ್ಲಿನವನಿಗೆ ಹೇಳಿ, ಹಿಂದೆ ಮೂರು ರಾಕ್ಷಸರು ಬರ್ತಾ ಇದ್ದಾರೆ. ನಾನು ಹೇಳಿ ಮುಗಿಸುವಷ್ಟರಲ್ಲಿ ಆ ಮೂರು ಮಂದಿ ಬಂದು ನನ್ನನ್ನು ಪುನಃ ಬೀಳಿಸುತ್ತಿದ್ದರು. ನಾನು ಪೆಟ್ಟಿಗೆ ತೆರೆದರೆ ಹಾವು ಬಂತು. ದೀವಟಿಗೆಯಿಂದ ಗುರಾಣಿಯವನಿಗೇ ಬೆಂಕಿ ಹಚ್ಚಿದೆ. ಸೇತುವೆಯ ಮೇಲೆ ಎಲ್ಲರೂ ನಡೆದಾಗ ಗಟ್ಟಿಯಿದ್ದ ಹಲಗೆ ನಾನು ಕಾಲಿಟ್ಟಾಗ ಮುರಿಯಿತು. ಹತ್ತನೆಯ ಸಲವೋ ಏನೋ ಬಿದ್ದಾಗ ಗುರಾಣಿಯವನಿಗೆ ನನ್ನ ಮೂಲಕ ಹೇಳುವ ತಾಳ್ಮೆ ಉಳಿಯಲಿಲ್ಲ.

“ಮಾರಾಯ, ನೀನು ಅವರನ್ನು ಎತ್ತು, ನಾನು ಇಲ್ಲಿ ನಿಲ್ತೇನೆ,” ಎಂದು ನೇರವಾಗಿ ಬಿಲ್ಲಿನವನಿಗೆ ಹೇಳಿದ.

ಬಿಲ್ಲಿನವನು ಹೂಂ ಅಂದ. ಅಷ್ಟೆ. ಆಮೇಲೆ ಹಿಡಿ, ಬಿಡು, ಬಲಕ್ಕೆ, ನಾನಿದ್ದೇನೆ, ನೀನು ಹೋಗು ಎಂದು ಅವರೊಳಗೇ ಮಾತು ಓಡತೊಡಗಿತು. ದುಬೈಯವನು ಅಲ್ಲಿಂದ ಒಂದೊಂದು ಮಂತ್ರ ಹಾಕುವಾಗ ಇಲ್ಲಿ ಮೂವರೂ ಒಟ್ಟಿಗೆ ಒಂದು ಪಕ್ಕಕ್ಕೆ ವಾಲುತ್ತಿದ್ದರು, ಮರಳಿನ ಮೇಲೆಯೇ ದೋಣಿಯಲ್ಲಿ ಇದ್ದವರ ಹಾಗೆ.

ನಾನು ಆಟ ಕಲಿಯಲಿಲ್ಲ, ಆದರೆ ಒಂದು ವಿಷಯ ತಿಳಿಯಿತು. ಬಿದ್ದಾಗ ಹೆದರಿಕೆ ಆಗುತ್ತಿರಲಿಲ್ಲ. ಬೂದು ಪರದೆಯಲ್ಲಿ ಮಲಗಿ, ದೂರದಿಂದ ಯಾರ ಕಾಲು ಓಡಿ ಬರುತ್ತದೆ ಎಂದು ಕಾಯುವುದರಲ್ಲಿ ಒಂದು ಸುಖವಿತ್ತು. ಮನೆಯಲ್ಲಿ ನಾನು ಜ್ವರ ಬಂದು ಮಲಗಿದರೆ ಸಾರಿಗೆ ಎಂತ ಮಾಡುದು ಎಂದು ಕೇಳುವವರೇ ಹೆಚ್ಚು. ಇಲ್ಲಿ ನಾಲ್ಕು ಮಂದಿ ಯುದ್ಧ ಬಿಟ್ಟು ಓಡಿ ಬರುತ್ತಿದ್ದರು. ಎರಡು ಸಲ ನಾನು ಬೇಕೆಂದೇ ಬಿದ್ದೆ. ಅದನ್ನು ಅವರಿಗೆ ಇದುವರೆಗೆ ಹೇಳಿಲ್ಲ.

ಕೊನೆಗೆ ಡ್ರ್ಯಾಗನಿನ ಎದುರು ಹೋದೆವು. ನನ್ನ ಡ್ರ್ಯಾಗನಿಗೂ ಅದಕ್ಕೂ ಬಣ್ಣ ಒಂದೇ, ಬೇರೆ ಯಾವ ಸಂಬಂಧವೂ ಇರಲಿಲ್ಲ. ಅದರ ಜೀವ ಇನ್ನೊಂದೇ ಬಾಣಕ್ಕೆ ಮುಗಿಯುವಷ್ಟು ಉಳಿದಿತ್ತು. ಆಗ ನಾನು ಸರಿಯಾಗಿ ಅದರ ಕಾಲಿನ ಬುಡದಲ್ಲಿ ಬಿದ್ದೆ. ಬಿಲ್ಲಿನವನು ಬಾಣ ಬಿಟ್ಟಿದ್ದರೆ ಗೆಲ್ಲುತ್ತಿದ್ದರು. ಬಿದ್ದವಳು ಬಿದ್ದಲ್ಲಿರುತ್ತಿದ್ದೆ, ಆಟಕ್ಕೆ ಏನೂ ಆಗುತ್ತಿರಲಿಲ್ಲ. ಅವನು ಬಿಲ್ಲು ಬಿಟ್ಟು ಓಡಿ ಬಂದ. ಅವನನ್ನು ಕಾಯಲು ಗುರಾಣಿಯವನು ತಿರುಗಿದ. ಗುರಾಣಿಯವನಿಗೆ ಮದ್ದು ಹಾಕಲು ಮದ್ದಿನವನು ಬಂದ. ದುಬೈಯವನು ಎಲ್ಲರೂ ಎಲ್ಲಿ ಹೋದಿರಿ ಎನ್ನುತ್ತಾ ಅಲ್ಲಿಗೇ ಬಂದ. ಐವರೂ ಒಂದೇ ಕಡೆ ಗುಂಪಾದ ಮೇಲೆ ಡ್ರ್ಯಾಗನಿಗೆ ಕೆಲಸ ಸುಲಭವಾಯಿತು. ಒಂದೇ ಉಸಿರಿಗೆ ಬೆಂಕಿ ಬಿಟ್ಟಿತು. ಎಲ್ಲರೂ ಸತ್ತೆವು.

ಆಮೇಲೆ ಮದ್ದಿನವನು ನಗಲು ಶುರು ಮಾಡಿದ. ಅವನು ನಗುವುದನ್ನು ನಾನು ನೋಡಿದ್ದು ಆವತ್ತೇ. ತಪ್ಪು ಯಾರದು ಎಂದು ಮೂವರೂ ಜಗಳ ತೆಗೆದರು. ಆದರೆ ಈಗ ಮುಖ ನೋಡಿಕೊಂಡು, ಹೆಗಲಿಗೆ ಗುದ್ದಿಕೊಂಡು.

ಸೋದರಮಾವ ಇಷ್ಟು ಹೊತ್ತು ತೆಂಗಿನಮರಕ್ಕೆ ಒರಗಿ ನೋಡುತ್ತಿದ್ದರು.

“ಗೆದ್ದಿರಾ?”

“ಇಲ್ಲ ಮಾವ. ಸೋತದ್ದು,” ಎಂದ ಗುರಾಣಿಯವನು.

“ಮತ್ತೆ ಎಂತಕ್ಕೆ ಇಷ್ಟು ಖುಷಿ?”

ಮಾವ ಉತ್ತರಕ್ಕೆ ಕಾಯಲಿಲ್ಲ. ಇಳಿಸುವ ದಿನಕ್ಕೆ ಪಾಯಸಕ್ಕೆ ಹೇಳಬೇಕು ಎನ್ನುತ್ತಾ ಎದ್ದು ಹೋದರು.

ಮರುದಿನ ಬೆಳಿಗ್ಗೆ ನಾಲ್ಕೂ ಕರಡುಗಳನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ ತೆಗೆದೆ. ಡ್ರ್ಯಾಗನಿನ ಎದುರು ಒಬ್ಬರು ಬಿದ್ದಿದ್ದಾರೆ, ಉಳಿದವರು ಸುತ್ತ ಬಗ್ಗಿ ಎತ್ತುತ್ತಿದ್ದಾರೆ, ಇಷ್ಟೇ ಚಿತ್ರ. ಹೀಗೆ ಬರೆದರೆ ಯಾರೂ ಮುಂದೆ ಅಲ್ಲ, ಯಾರೂ ಹಿಂದೆ ಅಲ್ಲ. ಜಾಗವೂ ಕಡಿಮೆ ಸಾಕು, ಎರಡು ಮೈಯಲ್ಲೂ ಇದೇ ಚಿತ್ರ ಬರೆಯಬಹುದು. ಮೂವರಿಗೂ ಹಿಡಿಸಿತು. ಬಿದ್ದವರು ಯಾರು ಎಂದು ಕೇಳಿದಾಗ ಮಾತ್ರ ಎಲ್ಲರೂ ಕಡಲನ್ನು ನೋಡಿದರು. ಗುರಾಣಿಯವನು ಬಿದ್ದರೆ ಗುರಾಣಿಗೆ ಮರ್ಯಾದೆ ಇಲ್ಲ. ಬಿಲ್ಲಿನವನು ತಾನು ಆಟದಲ್ಲಿ ಬೀಳುವುದೇ ಅಪರೂಪ ಎಂದ. ದುಬೈಯವನು, ನಾನು ಇಲ್ಲದಾಗ ನನ್ನನ್ನು ಬೀಳಿಸಬೇಡಿ ಎಂದು ಮೊದಲೇ ಹೇಳಿಬಿಟ್ಟ.

“ಅಕ್ಕ, ಬಿದ್ದದ್ದು ನೀವೇ ಅಲ್ವಾ,” ಎಂದ ಮದ್ದಿನವನು.

ಅದು ಸತ್ಯವಾಗಿತ್ತು. ಕೆಲಸದ ಬಟ್ಟೆಯಲ್ಲಿಯೇ ನನ್ನನ್ನು ಬರೆದುಕೊಂಡೆ: ಚೂಡಿದಾರದ ಮೇಲೆ ಗಂಡನ ಹಳೆಯ ಖಾಕಿ ಶರ್ಟು, ತಲೆಗೆ ಸುತ್ತಿದ ಬೈರಾಸು, ದೀವಟಿಗೆಯ ಬದಲು ಕೈಯಲ್ಲೊಂದು ಕುಂಚ. ನಾಲ್ಕು ವೀರರು ಕವಚ ತೊಟ್ಟು ನನ್ನ ಕೈ, ಕಾಲು, ಭುಜ ಹಿಡಿದಿದ್ದರು. ಇಷ್ಟಾದ ಮೇಲೆ ಡ್ರ್ಯಾಗನಿನ ನಗುವಿಗೂ ಒಂದು ಅರ್ಥ ಬಂತು. ಹೆಂಗಸನ್ನು ಎತ್ತಿ ಆಗಲಿ, ಆಮೇಲೆ ಯುದ್ಧ ನೋಡುವ ಎಂದು ಕಾಯುತ್ತಿರುವ ಹಾಗೆ ಕಂಡಿತು. ಇನ್ನೊಂದು ಮೈಗೆ ಅದೇ ಚಿತ್ರವನ್ನು ಕನ್ನಡಿಯಲ್ಲಿ ನೋಡಿದಂತೆ ತಿರುಗಿಸಿದಾಗ ಎಲ್ಲರೂ ಎಡಗೈಯವರಾದರು. ಬಿಲ್ಲಿನವನು ಏನೋ ಹೇಳಲು ಬಾಯಿ ತೆರೆದು, ಸುಮ್ಮನಾದ. ದೋಣಿಯ ನೋಂದಣಿ ನಂಬರು ದೂರದಿಂದ ಓದಲು ಸಿಗುವ ಹಾಗೆ ಇರಬೇಕು ಎಂಬ ನಿಯಮ ಉಂಟು. ಡ್ರ್ಯಾಗನಿನ ಹೊಟ್ಟೆ ಮೊದಲೇ ದೊಡ್ಡದಾಗಿದ್ದದ್ದು ನಂಬರು ಬರೆಯಲು ಉಪಯೋಗಕ್ಕೆ ಬಂತು.

ಎನಾಮೆಲ್ ಒಣಗಲು ಕಡಲ ಬದಿಯಲ್ಲಿ ಹೊತ್ತು ಹೆಚ್ಚು ಬೇಕು. ನೋಡಲು ಒಣಗಿದಂತೆ ಕಂಡರೂ ಕೈ ಇಟ್ಟರೆ ಅಂಟುತ್ತದೆ. ಮುಟ್ಟಬೇಡಿ ಎಂದು ಎರಡು ಭಾಷೆಯಲ್ಲಿ ಬರೆದು ನೇತು ಹಾಕಿದ್ದೆ. ಒಂದು ಬೆಳಿಗ್ಗೆ ಬಂದು ನೋಡಿದರೆ ದುಬೈಯವನ ತಾಯಿ ದೋಣಿಯ ಎದುರು ನಿಂತಿದ್ದರು. ಮಗ ಊರಿಗೆ ಬಾರದೆ ಎರಡು ಮಳೆಗಾಲ ಆಗಿತ್ತಂತೆ. ಕವಚ, ಕಿರೀಟ, ಗಡ್ಡ ಎಲ್ಲ ಹಾಕಿದ್ದರೂ ಯಾವುದು ತನ್ನವನು ಎಂದು ಯಾರೂ ಹೇಳದೆ ಅವರಿಗೆ ಗೊತ್ತಾಗಿತ್ತು, ಕೆನ್ನೆ ಸವರಿಬಿಟ್ಟಿದ್ದರು. ಹಸಿ ಬಣ್ಣದಲ್ಲಿ ಹೆಬ್ಬೆರಳಿನ ಗುರುತು ಸ್ಪಷ್ಟವಾಗಿ ಮೂಡಿತ್ತು. ಅವರು ಬೆರಳನ್ನು ಸೆರಗಿನಲ್ಲಿ ಮುಚ್ಚಿಕೊಂಡು, ಹಾಳಾಯ್ತಾ ಎಂದು ಕೇಳಿದರು. ಇಲ್ಲ ಎಂದೆ. ತಿದ್ದಲು ಕುಂಚ ಎತ್ತಿದವಳು ಹಾಗೆಯೇ ಇಟ್ಟೆ. ಸಂಜೆ ದುಬೈಯವನು ಫೋನಿನಲ್ಲಿ, ತನ್ನ ಕೆನ್ನೆಯಲ್ಲಿ ಎಂತ ಕಲೆ ಎಂದು ವಿಚಾರಿಸಿದ. ನಿಮ್ಮಮ್ಮನ ಹತ್ತಿರ ಕೇಳು ಎಂದೆ. ಮತ್ತೆ ಆ ವಿಷಯ ಎತ್ತಲಿಲ್ಲ.

ನೀರಿಗೆ ಇಳಿಸುವ ದಿನ ಬೀಚು ತುಂಬ ಜನ. ದೋಣಿಯ ಅಡಿಗೆ ಮರದ ದಿಮ್ಮಿಗಳನ್ನು ಕೊಟ್ಟು ಎಲ್ಲರೂ ಸೇರಿ ತಳ್ಳುವುದು. ನೆಂಟರು, ಬೇರೆ ದೋಣಿಯವರು, ಮೀನು ಮಾರುವ ಹೆಂಗಸರು, ನನ್ನ ಗಂಡ, ಎಲ್ಲರೂ ಕೈ ಕೊಟ್ಟರು. ದುಬೈಯವನನ್ನು ಗುರಾಣಿಯವನು ಅಂಗಿಯ ಕಿಸೆಗೆ ಹಾಕಿಕೊಂಡಿದ್ದ. ಕಿಸೆಯೊಳಗಿನಿಂದ, ತಳ್ಳಿ, ತಳ್ಳಿ, ಎಂತದೂ ಕಾಣುದಿಲ್ಲ, ತಳ್ಳಿ ಎಂದು ಕೇಳುತ್ತಿತ್ತು. ದೋಣಿ ಜಾರಿತು, ಅಲೆಗೆ ಮೂಗು ಎತ್ತಿತು, ತೇಲಿತು. ಡ್ರ್ಯಾಗನ್ ನೀರಿನ ಮೇಲೆ ಚಂದವೇ ಕಂಡಿತು. ಮೂವರು ಹತ್ತಿದರು, ಅವರ ಹಿಂದೆ ಆಸೆಪಟ್ಟವರೆಲ್ಲ ಹತ್ತಿದರು. ದೋಣಿ ಭಾರಕ್ಕೆ ಮೆಲ್ಲಗೆ ಕೆಳಗೆ ಕೂತಿತು.

ಆಗ ನನಗೆ ನನ್ನ ತಪ್ಪು ಕಂಡಿತು. ಮರಳಿನ ಮೇಲೆ ನಿಲ್ಲಿಸಿದ ದೋಣಿಯ ಮೈ ಪೂರ್ತಿ ಕಾಣುತ್ತದೆ, ನೀರಿನಲ್ಲಿ ಅರ್ಧ ಒಳಗೆ ಹೋಗುತ್ತದೆ. ಇಷ್ಟು ದಿನ ಹಿಂದೆ ಓಡಿ ಮುಂದೆ ಓಡಿ ನೋಡಿದವಳಿಗೆ ಈ ಸಣ್ಣ ವಿಷಯ ಹೊಳೆದಿರಲಿಲ್ಲ. ಬಿದ್ದವಳಾದ ಕಾರಣ ನಾನು ಚಿತ್ರದ ಎಲ್ಲರಿಗಿಂತ ಕೆಳಗೆ ಇದ್ದೆ. ನೋಡುತ್ತಿದ್ದ ಹಾಗೆ ನನ್ನ ಕಾಲು ಮುಳುಗಿತು, ಖಾಕಿ ಶರ್ಟು ಮುಳುಗಿತು, ನೀರು ಕುತ್ತಿಗೆಗೆ ಬಂದು ನಿಂತಿತು. ಕವಚ ತೊಟ್ಟ ನಾಲ್ಕು ಮಂದಿ ಕಡಲಿಗೆ ಬಿದ್ದ ಒಬ್ಬ ಹೆಂಗಸನ್ನು ಎಳೆದು ಮೇಲೆತ್ತುವ ಚಿತ್ರ ಆಗಿತ್ತು ಅದು. ಹಿಂದೆ ನಿಂತು ಡ್ರ್ಯಾಗನ್ ನಗುತ್ತಿತ್ತು.

ನನ್ನ ಗಂಡ ಮುಖ ತಿರುಗಿಸಿಕೊಂಡು ನಿಂತರು, ಅವರ ಬೆನ್ನು ಕುಲುಕುತ್ತಿತ್ತು. ಸೋದರಮಾವ ಹಣೆಗೆ ಕೈ ಅಡ್ಡ ಹಿಡಿದು ನೋಡಿ, ಈಗ ಸರಿ ಆಯ್ತು, ಮೊದಲು ನನಗೆ ಚಿತ್ರದ ಅರ್ಥ ಆಗಿರಲಿಲ್ಲ ಎಂದರು.

ತಿದ್ದಿ ಕೊಡುತ್ತೇನೆ ಎಂದು ಹುಡುಗರಿಗೆ ಹೇಳಿದೆ. ಮುಂದಿನ ಮಳೆಗಾಲಕ್ಕೆ ನೋಡುವ ಎಂದರು. ಆಮೇಲೆ ಮುಂದಿನ ಮಳೆಗಾಲದಲ್ಲೂ ಬೇಡ ಎಂದರು. ಯಾಕೆಂದು ತಿಳಿಯಲು ನನಗೆ ಸ್ವಲ್ಪ ದಿನ ಹಿಡಿಯಿತು. ಖಾಲಿ ದೋಣಿಯಲ್ಲಿ ನಾನು ಸೊಂಟದವರೆಗೆ ನೀರಿನಲ್ಲಿರುತ್ತೇನೆ. ಮೀನು ತುಂಬಿದಷ್ಟೂ ಕೆಳಗೆ ಹೋಗುತ್ತೇನೆ. ದೋಣಿ ಅಳಿವೆಗೆ ತಿರುಗುವಾಗಲೇ ದಡದಲ್ಲಿ ಬುಟ್ಟಿ ಹಿಡಿದು ನಿಂತ ಹೆಂಗಸರು ನನ್ನನ್ನು ಹುಡುಕುತ್ತಾರೆ. ನಾನು ಎಷ್ಟು ಮುಳುಗಿದ್ದೇನೆ ಎನ್ನುವುದರ ಮೇಲೆ ಆ ದಿನದ ಮೀನಿನ ಅಂದಾಜು.

ಈಗ ಬಸ್ಸಿನಲ್ಲಿ, ಅಂಗಡಿಯಲ್ಲಿ ಪರಿಚಯ ಇಲ್ಲದವರೂ ನನ್ನ ಮುಖ ನೋಡಿ ನಗುತ್ತಾರೆ. ಮೊನ್ನೆ ಸಂಜೆ ಮೀನು ತೆಗೆದುಕೊಳ್ಳಲು ಹೋಗಿದ್ದೆ. ಮಾರುವ ಹೆಂಗಸು ನನ್ನನ್ನು ಕಂಡದ್ದೇ ತಕ್ಕಡಿ ಬಿಟ್ಟು ಎದ್ದಳು.

“ಅಕ್ಕ, ಇವತ್ತು ನೀವು ತಲೆ ಸಮೇತ ಮುಳುಗಿ ಹೋಗಿದ್ರಿ,” ಎಂದಳು. ಅವಳ ಮುಖದಲ್ಲಿ ಅಷ್ಟು ಸಂತೋಷವನ್ನು ನಾನು ನೋಡಿರಲಿಲ್ಲ.

ಒಳ್ಳೆಯದಾಯಿತು ಎಂದು ಹೇಳಿ ಚೀಲ ಒಡ್ಡಿದೆ.